ಬರಬ್ಯಾಡ ಅಂದ ಮಾತು

ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಹಂಪಮ್ಮನ ಖಾನಾವಳಿಗೆ ಬೋರ್ಡು ಇರಲಿಲ್ಲ. ಮಧ್ಯಾಹ್ನವಾಯಿತೆಂದರೆ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೆ ಕೇಳುತ್ತಿತ್ತು. ತಾಲ್ಲೂಕು ಕಚೇರಿಗೆ ಬಂದ ಹಳ್ಳಿಯವರು, ಲಾರಿಯವರು, ಅಕ್ಕಿ ಗಿರಣಿಯ ಕೆಲಸಗಾರರು ಆ ಸಪ್ಪಳವನ್ನೇ ಹಿಡಿದು ಬರುತ್ತಿದ್ದರು. ಹೆಸರು ಅತ್ತೆ ಹಂಪಮ್ಮನದು, ದುಡಿಮೆ ಸೊಸೆ ಅನ್ನಮ್ಮನದು. ಅನ್ನಮ್ಮನ ಗಂಡ ಪಂಪಣ್ಣ ಕಾಮಾಲೆಯಾಗಿ ಸತ್ತು ಮೂರು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಮತ್ತು ಹತ್ತೊಂಬತ್ತರ ಮಗಳು ಬಸಲಿಂಗಮ್ಮ.

೧೯೭೮ರ ಶ್ರಾವಣದಲ್ಲಿ ಆ ಮನೆಯಲ್ಲಿ ಜಗಳ ಹುಟ್ಟಿದ್ದು ಹೊಟ್ಟಿನ ಒಲೆಯಿಂದ.

ಕಟ್ಟಿಗೆ ತುಟ್ಟಿಯಾಗಿತ್ತು, ಭತ್ತದ ಹೊಟ್ಟು ಗಿರಣಿಯಲ್ಲಿ ಪುಕ್ಕಟೆ ಸಿಗುತ್ತಿತ್ತು. ತಗಡಿನ ಡಬ್ಬಿಯ ನಡುವೆ ಕೋಲು ನಿಲ್ಲಿಸಿ, ಸುತ್ತ ಹೊಟ್ಟು ಒತ್ತಿ ತುಂಬಿ, ಕೋಲು ಎಳೆದರೆ ನಡುವೆ ತೂತು ಉಳಿಯಬೇಕು. ಒತ್ತಿದ್ದು ಸಡಿಲಾದರೆ ಎಲ್ಲ ಕುಸಿದು ಮನೆ ತುಂಬ ಹೊಗೆ. ಆ ಕೆಲಸಕ್ಕೆ ದಿನಾ ಸಂಜೆ ಗಿರಣಿಯ ಮಿಸ್ತ್ರಿ ವಿರೂಪಣ್ಣ ಬರುತ್ತಿದ್ದ. ಎರಡು ಹೊತ್ತು ಅಲ್ಲೇ ಉಣ್ಣುವ, ತಿಂಗಳಿಗೆ ರೊಕ್ಕ ಕೊಡುವ ಗಿರಾಕಿ ಅವನು. ನಲವತ್ತರ ಆಚೆಗಿನ ಗಟ್ಟಿ ಆಳು. ಅಡುಗೆಮನೆಯ ನೆಲಕ್ಕೆ ಮೊಣಕಾಲೂರಿ ಕೂತು ಒಲೆ ತುಂಬುತ್ತಿದ್ದ. ಅನ್ನಮ್ಮ ಪುಂಡಿ ಸೊಪ್ಪು ಸೋಸುತ್ತ ಹೇಳುತ್ತಿದ್ದಳು.

"ಇನ್ನಷ್ಟು ಒತ್ತು."

ಅವನು ಒತ್ತುವನು.

"ಸಾಕು. ಈಗ ಕೋಲು ತೆಗಿ. ಸಾವಕಾಶ."

ಆವತ್ತು ಹಂಪಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಗಿರಣ್ಯಾಗ ಮೂವತ್ತು ಹಮಾಲರ ಮ್ಯಾಲ ಗಂಟಲು ಹರಕೊಳ್ಳೋ ಮಿಸ್ತ್ರಿ ಇಲ್ಲಿ ಬೆಕ್ಕಿನ ಮರಿ ಆಗ್ಯಾನ ನೋಡು."

"ಕೈ ಬಿಡುವಿತ್ತು, ಯವ್ವಾ," ಎಂದ ವಿರೂಪಣ್ಣ.

"ಬಿಡುವಿದ್ರ ಗುಡಿ ಕಟ್ಟಿ ಮ್ಯಾಲ ಕೂಡು. ಹೆಣ್ಮಕ್ಕಳ ಅಡಗಿಮನ್ಯಾಗ ನಿಂದೇನು ಕೆಲಸ?"

ವಿರೂಪಣ್ಣ ಅನ್ನಮ್ಮನ ಮುಖ ನೋಡಿದ. ಏಳಬೇಕೋ ಕೂಡಬೇಕೋ ಎಂದು ಅವನು ಕೇಳುತ್ತಿದ್ದಾನೆಂಬುದು ಅನ್ನಮ್ಮನಿಗೆ ತಿಳಿಯಿತು. ಹಂಪಮ್ಮನಿಗೂ ತಿಳಿಯಿತು.

"ಒಲಿ ಮುಗಿಸಿ ಹೋಗು," ಎಂದಳು ಅನ್ನಮ್ಮ.

ಅವನು ಮುಗಿಸಿಯೇ ಎದ್ದ. ಹಂಪಮ್ಮ ಆ ರಾತ್ರಿ ಉಣ್ಣಲಿಲ್ಲ.

ಇದು ಎಲ್ಲಿಂದ ಬಂತು ಎಂದರೆ, ಹಳೆಯ ಗೆಳೆತನದಿಂದ. ಪಂಪಣ್ಣ, ವಿರೂಪಣ್ಣ ಒಂದೇ ಓಣಿಯವರು. ವಿರೂಪಣ್ಣನ ಹೆಂಡತಿ ನೀಲಮ್ಮ ಮತ್ತು ಅನ್ನಮ್ಮ ಒಂದೇ ಹಗ್ಗದಲ್ಲಿ ಬಾವಿ ನೀರು ಸೇದಿದವರು. ನೀಲಮ್ಮ ಹೆರಿಗೆಯಲ್ಲಿ ತೀರಿದಳು, ಕೂಸೂ ಉಳಿಯಲಿಲ್ಲ. ವಿರೂಪಣ್ಣ ಊಟ ಬಿಟ್ಟು ಕೂತ. "ಒಂದ ತುತ್ತು ತಿನ್ನೋ ದೋಸ್ತ, ನಿನ್ನ ಕಾಲು ಬೀಳ್ತೀನಿ" ಎಂದು ಪಂಪಣ್ಣ ಬೇಡಿಕೊಂಡ. ಅದು ನಾಟಲಿಲ್ಲ. ಅನ್ನಮ್ಮ ತಾಟು ತಂದು ಮುಂದಿಟ್ಟು, "ಉಣ್ಣು. ಮುಗಿಯೋತನಾ ಏಳಬ್ಯಾಡ," ಎಂದಳು. ತನ್ನ ಬಾಯಿಂದ ಹಾಗೆ ಬಂದದ್ದಕ್ಕೆ ತಾನೇ ಗಾಬರಿಯಾದಳು. ವಿರೂಪಣ್ಣ ಉಂಡ.

ಆ ಮನೆಯಲ್ಲಿ ಅನ್ನಮ್ಮನ ಮಾತು ನಡೆದದ್ದು ಅದೇ ಮೊದಲು. ಪಂಪಣ್ಣ ಕೆಟ್ಟವನಲ್ಲ, ಆದರೆ ಪಲ್ಯಕ್ಕೆ ಉಪ್ಪು ಎಷ್ಟು ಎನ್ನುವುದನ್ನೂ ಅವನೇ ಹೇಳುತ್ತಿದ್ದ. ಮರು ವರ್ಷ ಅವನೂ ಹೋದ. ಸಾವಿನ ಮನೆಗೆ ಬಂದವರೆಲ್ಲ ಅನ್ನಮ್ಮನಿಗೆ ಹಿಂಗ ಮಾಡು, ಹಂಗ ಮಾಡು ಎಂದರು. ವಿರೂಪಣ್ಣನೊಬ್ಬ ಬಂದು ಕೈ ಕಟ್ಟಿ ನಿಂತು, "ಏನ್ ಮಾಡ್ಲಿ, ಹೇಳ್ರಿ ಅತ್ತಿಗಿ," ಎಂದು ಕೇಳಿದ.

ಮುಂದೊಂದು ದಿನ ಗಿರಣಿಯ ಬಾಯ್ಲರಿನ ಉಗಿ ಬಡಿದು ಅವನ ಅಂಗೈ ಸುಟ್ಟಿತು. ಖಾನಾವಳಿಯ ಗಿರಾಕಿಗಳೆಲ್ಲ ಹೋದ ಮೇಲೆ ಅನ್ನಮ್ಮ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಎದುರು ಕೂತಳು.

"ಕೈ ಚಾಚು. ಅಲುಗಾಡಬ್ಯಾಡ."

ಅವನು ಕಣ್ಣು ಮುಚ್ಚಿದ. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಗಂಟು ಹಾಕಿ ಆದ ಮೇಲೂ ಅವಳು ಕೈ ಬಿಡಲಿಲ್ಲ. ಅವನು ಎಳೆದುಕೊಳ್ಳಲಿಲ್ಲ. ಬಿಡು ಎಂದು ಅವಳು ಹೇಳಬೇಕಿತ್ತು. ಹೇಳಲು ಬಹಳ ಹೊತ್ತು ಹಿಡಿಯಿತು. ಆ ಮೇಲೆ ಇಬ್ಬರೂ ಅದನ್ನು ಮಾತಾಡಲಿಲ್ಲ. ಆದರೆ ಮಂದಿಯ ಮುಂದೆ "ಬರ್ರಿ ಮಿಸ್ತ್ರಿ" ಎನ್ನುತ್ತಿದ್ದ ಅನ್ನಮ್ಮ, ಇಬ್ಬರೇ ಇದ್ದಾಗ "ಬಾ, ಕೂಡು" ಎನ್ನತೊಡಗಿದಳು. ಅವನು ಅವಳಿಗೆ ಹೂಂ ರೀ ಎನ್ನುವುದನ್ನು ಬಿಡಲಿಲ್ಲ.

ಶ್ರಾವಣ ಮುಗಿಯುವುದರೊಳಗೆ ಕವಿತಾಳದಿಂದ ಗಂಡಿನ ಮನೆಯವರು ಬಸಲಿಂಗಮ್ಮನನ್ನು ಕೇಳಿ ಬಂದರು. ಒಳ್ಳೆಯ ಮನೆ, ಕಿರಾಣಿ ಅಂಗಡಿ. ಅವರು ಒಂದು ಮಾತು ತೇಲಿಸಿ ಬಿಟ್ಟಿದ್ದರು: ಹುಡುಗಿಯ ತಾಯಿ ಬಗ್ಗೆ ಊರಾಗ ಏನೋ ಅಂತಾರಲ್ಲ?

ಆ ಮಾತು ಕೇಳಿ ಪಂಪಣ್ಣನ ತಮ್ಮ ಅಂಬಣ್ಣ ಬಾಗಲವಾಡದಿಂದ ಬಂದ. ಅವನು ಅಲ್ಲಿ ಹೊಲ ನೋಡಿಕೊಂಡಿದ್ದ. ಬಂದವನು ಮೊದಲು ಉಂಡ. ಬದನೆಕಾಯಿ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡ. ಕೈ ತೊಳೆದ ಮೇಲೆ ಶುರು ಮಾಡಿದ.

"ಅತ್ತಿಗಿ, ಸಿಟ್ಟಾಗಬ್ಯಾಡ್ರಿ. ಉಡಿಕಿ ಆಗೋದಾದ್ರ ಆಗ್ರಿ, ನಮ್ಮ ಮಂದ್ಯಾಗ ಅದ. ಇಲ್ಲಾಂದ್ರ ಆತನ್ನ ಹೊರಗಿಡ್ರಿ. ನಡುಬಾಗಿಲದಾಗ ನಿಲ್ಲಬ್ಯಾಡ್ರಿ."

ಉಡಿಕಿ ಎಂದರೆ ಗಂಡ ಸತ್ತವಳ ಎರಡನೆಯ ಮದುವೆ. ವಾಲಗವಿಲ್ಲ, ಹಂದರವಿಲ್ಲ. ನಸುಕಿನ ಕತ್ತಲಲ್ಲಿ ಹೊಸ ಸೀರೆ ಉಡಿಸಿ ತಾಳಿ ಕಟ್ಟಿಸುತ್ತಾರೆ. ಮುತ್ತೈದೆಯರು ಆ ಕಡೆ ಸುಳಿಯುವುದಿಲ್ಲ. ಉಡಿಕಿಯಾದವಳು ಮಕ್ಕಳ ಮದುವೆಯಲ್ಲಿ ಅರಿಷಿಣ ಮುಟ್ಟುವಂತಿಲ್ಲ. ಸತ್ತ ಗಂಡನ ಮನೆಯಲ್ಲಿ ಅವಳಿಗೆ ಏನೂ ಇಲ್ಲ.

"ಗಂಡ ಸತ್ತಾಕಿ ಅಂತ ಈಗೂ ಅರಿಷಿಣ ಮುಟ್ಟಂಗಿಲ್ಲ," ಎಂದಳು ಅನ್ನಮ್ಮ. "ಆವಾಗೂ ಮುಟ್ಟಂಗಿಲ್ಲ. ಫರಕ್ ಏನು ಅಂಬಣ್ಣಾ?"

"ಫರಕ್ ಅದ. ಈಗ ಒಳಗ ಅದೀರಿ."

ಹಂಪಮ್ಮ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. "ಈ ಒಲಿ ಹಚ್ಚಿದಾಕಿ ನಾನು," ಎಂದಳು. "ಉಡಿಕಿ ಸೀರಿ ಉಟ್ಟಾಕಿ ಇದರ ಮುಂದ ಕೂಡಂಗಿಲ್ಲ. ಅಷ್ಟ."

ಬಸಲಿಂಗಮ್ಮ ಒಳಗಿನಿಂದ ತಾಟುಗಳನ್ನು ದಬದಬ ಇಡುತ್ತ ಅಂದಳು, "ಯವ್ವಾ, ಆತ ನಿನಗ ಒಂದ ಸಲಾನಾರ ಇಲ್ಲ ಅಂದಾನೇನು? ನೀ ಕೂಡು ಅಂದ್ರ ಕೂಡ್ತಾನ, ಏಳು ಅಂದ್ರ ಏಳ್ತಾನ. ನನ್ನ ಗೆಳತ್ಯಾರು ನಗತಾರ. ನಿಮ್ಮವ್ವ ಮಿಸ್ತ್ರಿಗಿ ಮೂಗುದಾರ ಹಾಕ್ಯಾಳ ಅಂತಾರ."

ಮರುದಿನ ಮಧ್ಯಾಹ್ನ ಪಡಸಾಲೆ ತುಂಬಿತ್ತು. ವಿರೂಪಣ್ಣ ಮೂಲೆಯ ತನ್ನ ಜಾಗದಲ್ಲಿ ಕೂತಿದ್ದ. ಅನ್ನಮ್ಮ ಬೇಳೆ ಹಾಕುತ್ತ ಬರುವಾಗ ಲಾರಿಯವನೊಬ್ಬ, "ಮಿಸ್ತ್ರಿಗಿ ಕೇಳಬ್ಯಾಡ್ರಿ ಅಕ್ಕಾ, ಹೇಳ್ರಿ. ಹೇಳಿದ್ರ ಉಣ್ತಾನ," ಎಂದ. ನಾಲ್ಕು ಜನ ನಕ್ಕರು. ಬಾಗಿಲಲ್ಲಿ ಮಗಳು ನಿಂತಿದ್ದಳು.

ಅನ್ನಮ್ಮ ಸೌಟನ್ನು ಬಕೆಟ್ಟಿನಲ್ಲಿ ಬಿಟ್ಟಳು.

"ಮಿಸ್ತ್ರಿ, ನಾಳಿಂದ ಇಲ್ಲಿ ಬರಬ್ಯಾಡ್ರಿ. ಬ್ಯಾರೆ ಕಡಿ ಊಟ ನೋಡಿಕೊಳ್ರಿ."

ನಗು ನಿಂತಿತು. ವಿರೂಪಣ್ಣ ತಾಟಿನಲ್ಲಿದ್ದುದನ್ನು ಉಂಡು ಮುಗಿಸಿದ, ತಾಟು ತೊಳೆದು ಬೋರಲು ಹಾಕಿದ. "ಆತ್ರಿ," ಎಂದು ಹೋದ.

ಸಂಜೆ ಒಲೆ ತುಂಬಲು ಅವನು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಅನ್ನಮ್ಮ ಹೊಟ್ಟಿನ ಚೀಲ ಬಿಚ್ಚಿಟ್ಟುಕೊಂಡು ಕೂತಿದ್ದಳು. ಮರುದಿನವೂ ಬರಲಿಲ್ಲ. ಅವಳು ತಾನೇ ಒಲೆ ತುಂಬಿದಳು, ಅದು ನಡುವೆ ಕುಸಿಯಿತು. ಹಂಪಮ್ಮ ಕೆಮ್ಮುತ್ತ, "ಕಟ್ಟಿಗಿ ತರಸು," ಎಂದಳು.

ಭಾದ್ರಪದ ಕಳೆಯಿತು. ಕವಿತಾಳದವರು ಬಂದು ಹುಡುಗಿಯ ಕೈಗೆ ಎಲೆ ಅಡಿಕೆ ಕೊಟ್ಟು ಸಂಬಂಧ ಗಟ್ಟಿ ಮಾಡಿ ಹೋದರು. ಎಲ್ಲರಿಗೂ ಸಮಾಧಾನವಾಯಿತು. ಅನ್ನಮ್ಮ ಮಗಳಿಗೆ ನೀರು ತಾ ಎಂದರೆ ಮಗಳು ಕನ್ನಡಿ ಬಿಟ್ಟು ಏಳುತ್ತಿರಲಿಲ್ಲ. ಕೂಲಿಯವಳಿಗೆ ಜೋಳ ಹಸನು ಮಾಡು ಎಂದರೆ, "ಮಾಡ್ತೀನಿ ತಡಿಯವ್ವ, ನನಗೇನು ಹತ್ತು ಕೈ ಅದಾವೇನು?" ಎನ್ನುತ್ತಿದ್ದಳು. ಮೂಲೆಯ ಜಾಗದಲ್ಲಿ ದಿನಕ್ಕೊಬ್ಬ ಹೊಸಬ ಕೂಡುತ್ತಿದ್ದ. ಎಲ್ಲರಿಗೂ ಹಾಕಿ ಆದ ಮೇಲೆ ಅವಳು ಹಂಚಿನ ಮುಂದೆ ಒಬ್ಬಳೇ ತಣ್ಣಗಿನ ರೊಟ್ಟಿ ಮುರಿಯುವಳು. ಎಷ್ಟೋ ದಿನ ಅರ್ಧಕ್ಕೆ ಬಿಟ್ಟು ನಾಯಿಗೆ ಹಾಕುವಳು.

ಒಂದು ಬೆಳಿಗ್ಗೆ ಕಾಯಿಪಲ್ಯ ಮಾರುವ ಮುನವ್ವರ್ ಬೀ ಬುಟ್ಟಿ ಇಳಿಸಿ, ಬದನೆಕಾಯಿ ಆರಿಸಿಕೊಡುತ್ತ ಹೇಳಿದಳು.

"ನಿಮ್ಮ ಮಿಸ್ತ್ರಿ ಮಾನ್ವಿ ಬಿಟ್ಟು ತಿಂಗಳಾತು, ಗೊತ್ತದ ಇಲ್ಲ?"

"ಎಲ್ಲಿಗಿ?"

"ರಾಯಚೂರು ಗಂಜ್ ಬಜಾರದಾಗಿನ ಗಿರಣಿಗಿ. ನಮ್ಮ ಹುಡುಗ ಶಂಶುದ್ದೀನ್ ಅಲ್ಲೇ ಹಮಾಲಿ ಮಾಡ್ತಾನ. ಸೂಕಿ ಹೋಗ್ಯಾನಂತ, ಒಣಗಿ ಲಕಡಿ ಆಗ್ಯಾನಂತ." ಮುನವ್ವರ್ ಬೀ ತಕ್ಕಡಿ ಎತ್ತಿದಳು. "ನೀನ ಹೋಗು ಅಂದಿ, ನೀನ ಬದನಿಕಾಯಿ ಹಿಡಕೊಂಡು ಅಳ್ತಿ. ಅಲ್ಲಾನ ಬಲ್ಲ."

"ಅಳಾಕತ್ತಿಲ್ಲ. ಹೊಗಿ."

"ಹೂಂ. ಒಲಿ ಇನ್ನಾ ಹಚ್ಚಿಲ್ಲ ಅಂತ ಕಾಣ್ತದ."

ದಸರೆಯಾದ ಮೇಲೆ ಮದುವೆಯ ಹಿತ್ತಾಳೆ ಪಾತ್ರೆ ತರಲು ಅನ್ನಮ್ಮ ಮುನವ್ವರ್ ಬೀಯನ್ನು ಕರೆದುಕೊಂಡು ರಾಯಚೂರಿಗೆ ಹೋದಳು. ಪಾತ್ರೆ ಕೊಂಡಾದ ಮೇಲೆ, ಅಂಗಡಿ ಕಟ್ಟೆಯ ಮೇಲೆ ಮುನವ್ವರ್ ಬೀಯನ್ನು ಕೂಡಿಸಿ ಗಂಜ್ ಬಜಾರಕ್ಕೆ ನಡೆದಳು. ಗಿರಣಿಯ ಅಂಗಳದಲ್ಲಿ ವಿರೂಪಣ್ಣನ ದನಿ ದೂರದಿಂದಲೇ ಕೇಳಿತು. ಯಾರನ್ನೋ ಬೈಯುತ್ತಿದ್ದ. ಅವಳನ್ನು ಕಂಡು ಅರ್ಧಕ್ಕೆ ನಿಲ್ಲಿಸಿದ. ಹಮಾಲರು ಹಿಂದೆ ತಿರುಗಿ ನೋಡಿದರು.

ಇಬ್ಬರೂ ಬೇವಿನ ಗಿಡದ ನೆರಳಿಗೆ ಬಂದರು. ಅವನ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿದ್ದವು.

"ಒಂದ ದಿನಾನಾರ ಯಾಕ ಬರಲಿಲ್ಲ?"

"ಬರಬ್ಯಾಡ ಅಂದ್ರಿ."

"ಸಾಯಿ ಅಂದಿದ್ರ?"

"ನೀವು ಹಂಗ ಅನ್ನಂಗಿಲ್ಲ. ಅದಕ್ಕ ನಿಮ್ಮ ಮಾತು ಕೇಳೋದು."

"ಅದು ಮಂದಿ ಕಿವಿಗಿ ಆಡಿದ ಮಾತು ಮಾರಾಯಾ."

"ನನಗ ಹೆಂಗ ತಿಳೀಬೇಕ್ರಿ?"

"ಕೇಳಬೇಕಿತ್ತು."

"ಕೇಳಿದ್ರ ಎದುರಾಡಿದಂಗ ಆಗ್ತದ ಅಂತ..." ಅವನು ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿದ. "ಹಗಲೆಲ್ಲಾ ನಾ ಹೇಳಬೇಕು, ಅವರು ಕೇಳಬೇಕು. ಎತ್ತು, ಇಳಿಸು, ಒಟ್ಟು. ಸಂಜಿಕ ನಿಮ್ಮಲ್ಲಿ ಬಂದು ಕುಂತ್ರ ಹೊರಿ ಇಳಿಸಿದಂಗ ಆಗತಿತ್ತು. ನೀಲಮ್ಮ ಹೋದ ಮ್ಯಾಲ ನಾ ಬದುಕಿದ್ದ ನಿಮ್ಮ ಮಾತಿನ್ಯಾಗ. ಮಂದಿ ನಕ್ರ ನನಗ ಏನೂ ಅನಸಲಿಲ್ಲ. ನಿಮಗ ಅನಸ್ತು."

"ಹೌದು, ನನಗ ಅನಸ್ತು." ಅವಳು ಸುಳ್ಳು ಹೇಳಲಿಲ್ಲ. "ತಪ್ಪಾತು."

"ಬಾ ಅನ್ರಿ. ಈಗ ನಿಮ್ಮ ಹಿಂದ ಬರ್ತೀನಿ."

ಬಾಯಿಯ ತುದಿಗೆ ಬಂದಿತ್ತು. ಒಂದೇ ಅಕ್ಷರ. ಅಂದಿದ್ದರೆ ಅವನು ಮಿಸ್ತ್ರಿಕೆ, ಪಗಾರ ಎಲ್ಲ ಅಲ್ಲೇ ಬಿಟ್ಟು ಬಸ್ಸು ಹತ್ತುತ್ತಿದ್ದ. ಮಗಳ ಮಾತು ಅವಳ ಕಿವಿಯಲ್ಲಿತ್ತು: ಒಂದ ಸಲಾನಾರ ಇಲ್ಲ ಅಂದಾನೇನು?

"ಅನ್ನಂಗಿಲ್ಲ," ಎಂದಳು. "ಕೂಡು ಅಂತೀನಿ, ಏಳು ಅಂತೀನಿ. ನನ್ನ ಕೂಡ ಬಾಳ್ವಿ ಮಾಡು ಅಂತ ಮಾತ್ರ ಅನ್ನಂಗಿಲ್ಲ. ಅದು ನೀನ ಬಂದು ಕೇಳಬೇಕು, ನಾ ಬರಬ್ಯಾಡ ಅಂದ ಮ್ಯಾಲೂ ಬಂದು. ಇಲ್ಲಾಂದ್ರ ನಾನು ಮೂಗುದಾರ ಹಿಡದಾಕಿ, ನೀ ಎತ್ತು. ಮತ್ತೇನಿಲ್ಲ."

ಅವಳು ತಿರುಗಿ ನೋಡದೆ ಬಂದಳು. ಬಸ್ಸಿನಲ್ಲಿ ಹಿತ್ತಾಳೆ ಕೊಡ ತೊಡೆಯ ಮೇಲಿಟ್ಟುಕೊಂಡು ಮಾನ್ವಿಯವರೆಗೂ ಕಿಟಕಿಯ ಆಚೆ ನೋಡಿದಳು. ಮುನವ್ವರ್ ಬೀ ಒಂದು ಮಾತೂ ಕೇಳಲಿಲ್ಲ. ಅದು ಆಕೆಗೆ ಸುಲಭದ ಕೆಲಸವಾಗಿರಲಿಲ್ಲ.

ದೀಪಾವಳಿಗೆ ಅವನು ಬರಲಿಲ್ಲ. ಕಾರ್ತಿಕದಲ್ಲಿ ಬಸಲಿಂಗಮ್ಮನ ಮದುವೆ ಮಠದ ಅಂಗಳದಲ್ಲಿ ನಡೆಯಿತು. ಮುಂದೆ ಹಂದರದಲ್ಲಿ ಅಂಬಣ್ಣನ ಹೆಂಡತಿ ತಾಯಿಯ ಜಾಗದಲ್ಲಿ ನಿಂತು ಅರಿಷಿಣ ಹಚ್ಚಿದಳು. ಅನ್ನಮ್ಮ ಹಿಂದೆ ಅಡುಗೆಯ ಕಡೆ ಇದ್ದಳು. ಗೋಧಿ ಹುಗ್ಗಿಯ ಕೊಪ್ಪರಿಗೆ ತಿರುವುತ್ತಿದ್ದಳು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ವಿರೂಪಣ್ಣ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಹೊಸ ಧೋತರ ಉಟ್ಟಿದ್ದ. ಹೆಂಗಸರು ಮಾತು ನಿಲ್ಲಿಸಿದರು. ಹಂಪಮ್ಮ ಬೆಲ್ಲದ ಬುಟ್ಟಿಯ ಹತ್ತಿರ ಕೂತಿದ್ದಳು.

"ಬರಬ್ಯಾಡ ಅಂದಿದ್ರಿ, ನಾ ಬಂದೀನಿ," ಎಂದ. "ನಿಮ್ಮನ್ನ ಉಡಿಕಿ ಮಾಡಿಕೊಳ್ಳಬೇಕು ಅಂತ ಅದ ನನಗ. ಯಾರೂ ಹೇಳಿಲ್ಲ, ನಾನ ಕೇಳಾಕತ್ತೀನಿ. ನೀವು ಒಲ್ಲೆ ಅಂದ್ರ ಉಂಡು ಹೋಗ್ತೀನಿ."

ಅನ್ನಮ್ಮನ ಕೈ ನಿಂತಿತು. ಹುಗ್ಗಿ ತಳ ಹಿಡಿಯುವ ವಾಸನೆ ಬಂತು. ಅಷ್ಟೂ ವರ್ಷ ಹೇಳಿದವಳು ಅವಳೇ, ಈಗ ಮಾತು ಅವನದಾಗಿತ್ತು.

"ಅಂಜಿಕಿ ಬರಾಕತ್ತದ," ಎಂದಳು ಕೊನೆಗೆ.

"ನನಗೂ," ಎಂದ ಅವನು.

ಹಂಪಮ್ಮ ಎದ್ದು ಬಂದು ಸೊಸೆಯ ಕೈಯಿಂದ ಹುಟ್ಟು ಕಸಿದುಕೊಂಡು ತಾನೇ ತಿರುವಿದಳು. "ಹೂಂ ಅನ್ನು, ಇಲ್ಲಾ ಒಲ್ಲೆ ಅನ್ನು. ಮದವಿ ಹುಗ್ಗಿ ಸೀಸಬ್ಯಾಡ."

"ಹೂಂ," ಎಂದಳು ಅನ್ನಮ್ಮ.

"ಆತಲ್ಲ. ನನ್ನ ಮಾತೂ ಕೇಳಿಕೋ. ಸೀರಿ ಉಟ್ಟ ಮ್ಯಾಲ ನನ್ನ ಹೊಸ್ತಿಲ ತುಳೀಬ್ಯಾಡ." ಇದನ್ನು ಅವಳು ಅಲ್ಲಿದ್ದ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದಳು.

ಸಂಕ್ರಾಂತಿಯಾದ ಮೇಲೆ ದೇವದುರ್ಗದ ಹತ್ತಿರದ ಗೂಗಲ್ ಎಂಬ ಊರಲ್ಲಿ, ಕೃಷ್ಣೆಯ ದಂಡೆಯಲ್ಲಿ, ಅಲ್ಲಮಪ್ರಭುವಿನ ಗುಡಿಯ ಹಿಂದೆ ಉಡಿಕಿ ಆಯಿತು. ನಸುಕಿನ ಚಳಿಗೆ ಅನ್ನಮ್ಮನ ಹಲ್ಲು ಕಟಕಟಿಸುತ್ತಿದ್ದವು. ಗಂಡ ಸತ್ತ ಇಬ್ಬರು ಮುದುಕಿಯರು ಸೀರೆ ಉಡಿಸಿದರು. ಅಂಬಣ್ಣ ಬಂದು ನಿಂತ, ತಾಳಿ ಕಟ್ಟುವಾಗ ನದಿಯ ಕಡೆ ಮುಖ ಮಾಡಿದ. ಕವಿತಾಳದಿಂದ ಯಾರೂ ಬರಲಿಲ್ಲ. ಬೆಳಕು ಹರಿಯುವುದರೊಳಗೆ ಎಲ್ಲರೂ ಚದುರಿದರು. ಇಬ್ಬರೇ ಉಳಿದರು. ವಿರೂಪಣ್ಣ ತನ್ನ ಕಂಬಳಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಏನು ನೋಡ್ತಿ? ಹೊದಸು."

ಹೊದಿಸಿದ.

"ಇನ್ನಷ್ಟು ಹತ್ತರ ಬಾ."

ಬಂದ. ಮೂರು ವರ್ಷಗಳಲ್ಲಿ ಅವಳ ಹೆಗಲ ಮೇಲೆ ಯಾರೂ ಕೈ ಇಟ್ಟಿರಲಿಲ್ಲ. ಹೊತ್ತು ಮೂಡಿ ನೀರು ಕೆಂಪಾಗುವವರೆಗೆ ಹಾಗೇ ಕೂತಿದ್ದರು.

ದೇವದುರ್ಗದ ಬಸ್ ನಿಲ್ದಾಣದಲ್ಲಿ ರಾಯಚೂರಿನ ಬಸ್ಸು ನಿಂತಿತ್ತು. ವಿರೂಪಣ್ಣನ ಕೋಣೆ ಇದ್ದದ್ದು ರಾಯಚೂರಿನಲ್ಲಿ. ಅವನು ಅವಳ ಗಂಟು ಎತ್ತಿಕೊಂಡ.

"ಅದಲ್ಲ, ಮಾನ್ವಿ ಬಸ್ಸು ಹತ್ತು," ಎಂದಳು ಅನ್ನಮ್ಮ.

"ಖರೇನ ಅನ್ನಾಕತ್ತೀರೇನು? ಹೊಸ್ತಿಲ ತುಳೀಬ್ಯಾಡ ಅಂದಾಳ ಅವ್ವ."

"ಅಂದಾಳ. ಖರೇ ಅಂದಳೋ, ಮಂದಿ ಕಿವಿಗಿ ಅಂದಳೋ, ಹೋಗಿ ಕೇಳಿದ್ರ ತಿಳೀತದ. ನೀ ಮೂರು ತಿಂಗಳು ಕೇಳದ ಕುಂತಿ. ನಾ ಹಂಗ ಕೂಡಾಕಿ ಅಲ್ಲ."

ಮಾನ್ವಿ ತಲುಪಿದಾಗ ಊಟದ ಹೊತ್ತು. ಪಡಸಾಲೆಯಲ್ಲಿ ಜನ ಇದ್ದರು. ರೊಟ್ಟಿ ಬಡಿಯುತ್ತಿದ್ದ ಕೂಲಿಯವಳು ಇವರನ್ನು ಕಂಡು ಕೈ ನಿಲ್ಲಿಸಿದಳು. ಹಂಪಮ್ಮ ಪಲ್ಯದ ಬಕೆಟ್ಟು ಹಿಡಿದು ಬಗ್ಗಿ ನಡೆಯುತ್ತಿದ್ದಳು. ಹಸಿರು ಉಡಿಕಿ ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಅನ್ನಮ್ಮ ಹೊಸ್ತಿಲ ಹೊರಗೆ ನಿಂತಿದ್ದಳು.

"ಬರಬ್ಯಾಡ ಅಂದದ್ದು ಖರೇನ ಅತ್ತಿ?"

ಹಂಪಮ್ಮ ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಲಾರಿಯವನೊಬ್ಬ ತುತ್ತು ಕೈಯಲ್ಲೇ ಹಿಡಿದು ಇಬ್ಬರನ್ನೂ ನೋಡುತ್ತಿದ್ದ.

"ದಾರಿ ಕಟ್ಟಬ್ಯಾಡ್ರಿ," ಎಂದಳು ಮುದುಕಿ. "ಉಣ್ಣಾಕ ಬಂದವರು ಒಳಗ ಕೂಡ್ರಿ."

ಅವರು ಒಳಗೆ ಬಂದು ಗಿರಾಕಿಗಳ ಸಾಲಿನಲ್ಲಿ ಕೂತರು. ಅನ್ನಮ್ಮ ಆ ಪಡಸಾಲೆಯಲ್ಲಿ ತಾಟಿನ ಮುಂದೆ ಕೂತದ್ದು ಆವತ್ತೇ ಮೊದಲು. ಹಂಪಮ್ಮ ಇಬ್ಬರಿಗೂ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಯಾರ ಮುಖವನ್ನೂ ನೋಡಲಿಲ್ಲ. ಆಚೆ ಸಾಲಿನಿಂದ ಯಾರೋ "ಬ್ಯಾಳಿ ತರ್ರಿ" ಎಂದರು. ಅನ್ನಮ್ಮನ ಮೊಣಕಾಲು ತಾನಾಗಿ ಎದ್ದಿತು.

"ನೀ ಕೂಡು," ಎಂದಳು ಹಂಪಮ್ಮ. "ಅದು ನಿನ್ನ ಕೆಲಸಲ್ಲ ಈಗ."

ಹೊರಗಿಡುವುದಕ್ಕೆ ಅಂದಳೋ, ದಣಿದು ಬಂದವಳಿಗೆ ಅಂದಳೋ, ದನಿಯಲ್ಲಿ ತಿಳಿಯಲಿಲ್ಲ. ಮುದುಕಿ ಬೇಳೆಯ ಬಕೆಟ್ಟು ಎತ್ತಲು ಎರಡೂ ಕೈ ಹಾಕಿದಳು. ಅದು ಅವಳಿಗೆ ಭಾರವಾಗಿತ್ತು. ವಿರೂಪಣ್ಣ ಅನ್ನಮ್ಮನ ಕಡೆ ನೋಡಿದ. ಅನ್ನಮ್ಮ ಏನೂ ಹೇಳಲಿಲ್ಲ. ಅವನು ತಾನೇ ಎದ್ದು ಹೋಗಿ ಬಕೆಟ್ಟಿನ ಇನ್ನೊಂದು ಬದಿ ಹಿಡಿದ. ಹಂಪಮ್ಮ ಅವನಿಗೆ ಬಿಡು ಎನ್ನಲಿಲ್ಲ, ಹಿಡಿ ಎಂದೂ ಅನ್ನಲಿಲ್ಲ. ಇಬ್ಬರೂ ಸಾಲಿನ ತುದಿಯವರೆಗೆ ನಡೆದರು. ಅನ್ನಮ್ಮ ತಲೆ ತಗ್ಗಿಸಿ ರೊಟ್ಟಿ ಮುರಿದಳು. ಬಿಸಿಯಾಗಿತ್ತು. ಅಂಚು ಸೀದಿತ್ತು. ಅವಳು ಅದನ್ನು ಪೂರ್ತಿ ತಿಂದಳು.